ಮುಗದದಿಂದ ಕಲ್ಯಾಣಕ್ಕೆ: ಆಕಾಶದ ಅಳತೆ, ನೆಲದ ಅಳತೆ

ದೂರವನ್ನು ಅಳೆಯುವ ರೀತಿ ಕಾಲಕ್ಕೆ ತಕ್ಕಂತೆ ಬದಲಾಗುತ್ತ ಬಂದಿದೆ. ನಮ್ಮ ಹಿರಿಯರು ಹಾದಿಯನ್ನು ಹರದಾರಿಗಳಲ್ಲಿ ಎಣಿಸುತ್ತಿದ್ದರು. ಒಂದು ಹರದಾರಿಯೆಂದರೆ ಸುಮಾರು ಮೂರು ಮೈಲಿ. ಅದಕ್ಕಿಂತಲೂ ಹೆಚ್ಚಾಗಿ ಅವರು ಹೊತ್ತನ್ನೇ ಅಳತೆಗೋಲಾಗಿ ಮಾಡಿಕೊಂಡಿದ್ದರು. ‘ಒಂದು ಹೊತ್ತಿನ ಹಾದಿ’, ‘ಎರಡು ವಸ್ತಿಯ ಹಾದಿ’ ಎಂದರೆ ಕೇಳಿದವರಿಗೆ ಬುತ್ತಿ ಎಷ್ಟು ಕಟ್ಟಬೇಕು, ರಾತ್ರಿ ಎಲ್ಲಿ ಇಳಿಯಬೇಕು ಎಂಬುದು ಒಮ್ಮೆಗೇ ತಿಳಿಯುತ್ತಿತ್ತು. ಇಂದು ನಾವು ಕಿಲೋಮೀಟರುಗಳಲ್ಲಿ ಮಾತನಾಡುತ್ತೇವೆ. ವಿಮಾನದ ಮಾತು ಬಂದರಂತೂ ದೂರವೇ ಅಳಿದುಹೋಯಿತೆಂಬ ಭಾವನೆ ಬಹು ಜನರಲ್ಲಿದೆ. ಆದರೆ ವಿಮಾನವು ಹಾರುವ ದೂರ ಬೇರೆ, ಪ್ರಯಾಣಿಕನಿಗೆ ತಗಲುವ ಹೊತ್ತು ಬೇರೆ. ಇವೆರಡರ ಅಂತರವನ್ನು ಅರಿಯಲು ನಮ್ಮ ನಾಡಿನ ಎರಡು ತುದಿಗಳನ್ನೇ ತೆಗೆದುಕೊಂಡು ನೋಡೋಣ. ಒಂದು ತುದಿಯಲ್ಲಿ ಧಾರವಾಡದ ಪಶ್ಚಿಮಕ್ಕಿರುವ ಮುಗದ, ಇನ್ನೊಂದು ತುದಿಯಲ್ಲಿ ಬೀದರ ಜಿಲ್ಲೆಯ ಬಸವಕಲ್ಯಾಣ.

ಮಲೆನಾಡ ಸೆರಗಿನ ಊರು

ಧಾರವಾಡದಿಂದ ಅಳ್ನಾವರದ ಕಡೆಗೆ ಸುಮಾರು ಹದಿನೈದು ಕಿಲೋಮೀಟರು ಸಾಗಿದರೆ ಮುಗದ ಸಿಗುತ್ತದೆ. ಇಲ್ಲಿಗೆ ಬಯಲುಸೀಮೆ ಹಿಂದೆ ಸರಿದು ಮಲೆನಾಡಿನ ಸೆರಗು ಆರಂಭವಾಗುತ್ತದೆ. ಊರಿನ ವಿಶಾಲವಾದ ಕೆರೆ, ಅದರ ಕೆಳಗಿನ ಭತ್ತದ ಗದ್ದೆಗಳು, ಮಳೆಗಾಲದಲ್ಲಿ ವಾರಗಟ್ಟಲೆ ಬಿಡದೆ ಸುರಿಯುವ ಜಿಟಿಜಿಟಿ ಮಳೆ, ಇವು ಈ ಊರಿನ ಲಕ್ಷಣಗಳು. ಧಾರವಾಡ ಕೃಷಿ ವಿಶ್ವವಿದ್ಯಾಲಯದ ಭತ್ತದ ಸಂಶೋಧನಾ ಕೇಂದ್ರವು ಇಲ್ಲಿದೆ. ‘ಮುಗದ ಸುಗಂಧ’ ಎಂಬ ಪರಿಮಳದ ಭತ್ತದ ತಳಿಯು ಈ ಊರಿನ ಹೆಸರನ್ನು ದೂರದ ಅಡುಗೆಮನೆಗಳವರೆಗೂ ಒಯ್ದಿದೆ. ಹುಬ್ಬಳ್ಳಿಯಿಂದ ಲೋಂಡಾಕ್ಕೆ ಹೋಗುವ ರೈಲುಮಾರ್ಗದಲ್ಲಿ ಧಾರವಾಡ, ಕ್ಯಾರಕೊಪ್ಪ ದಾಟಿದ ಮೇಲೆ ಮುಗದದ ಪುಟ್ಟ ನಿಲ್ದಾಣ ಬರುತ್ತದೆ. ಹುಬ್ಬಳ್ಳಿಯ ವಿಮಾನ ನಿಲ್ದಾಣವು ಗೋಕುಲ ರಸ್ತೆಯಲ್ಲಿದ್ದು, ಮುಗದದಿಂದ ಅಲ್ಲಿಗೆ ಧಾರವಾಡದ ಮೂಲಕ ಸುಮಾರು 35 ಕಿಲೋಮೀಟರುಗಳ ಹಾದಿ.

ಈ ಸೀಮೆಗೂ ಕಲ್ಯಾಣಕ್ಕೂ ಇರುವ ನಂಟು ಇಂದಿನದಲ್ಲ. ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣದ ಕ್ರಾಂತಿಯ ನಂತರ ಶರಣರ ಒಂದು ಸಮೂಹವು ಚೆನ್ನಬಸವಣ್ಣನವರ ಜೊತೆಯಲ್ಲಿ ವಚನದ ಕಟ್ಟುಗಳನ್ನು ಹೊತ್ತು ಉಳವಿಯತ್ತ ಸಾಗಿತೆಂಬುದು ನಮ್ಮ ಪರಂಪರೆಯ ನಂಬಿಕೆ. ಮಲಪ್ರಭೆಯ ತೀರದ ಮುಗುಟಖಾನ ಹುಬ್ಬಳ್ಳಿಯಲ್ಲಿ ಗಂಗಾಂಬಿಕೆಯವರ ಐಕ್ಯಸ್ಥಳವಿದೆ. ಕಕ್ಕೇರಿಯು ಡೋಹರ ಕಕ್ಕಯ್ಯನವರ ಹೆಸರಿನೊಂದಿಗೆ ಬೆಸೆದಿದೆ. ಹಾದಿಯ ಕೊನೆಗೆ ಉತ್ತರ ಕನ್ನಡದ ಕಾಡಿನ ನಡುವೆ ಉಳವಿ. ಮಾಘಮಾಸದ ಉಳವಿ ಜಾತ್ರೆಗೆ ಧಾರವಾಡ, ಬೆಳಗಾವಿ ಸೀಮೆಯ ಹಳ್ಳಿಗಳಿಂದ ಇಂದಿಗೂ ಚಕ್ಕಡಿಗಳು ಸಾಲುಗಟ್ಟಿ ಹೊರಡುತ್ತವೆ. ಹೀಗೆ ಈ ಭಾಗದ ಒಕ್ಕಲು ಮನೆತನಗಳಿಗೆ ಆ ಹಾದಿಯ ಕೊನೆಯ ಭಾಗವು ಎತ್ತಿನ ಕೊರಳಗಂಟೆಯ ನಾದದೊಡನೆ ಪರಿಚಿತವಾಗಿದೆ. ಆದರೆ ಆ ಹಾದಿಯ ಆರಂಭವಾದ ಕಲ್ಯಾಣವನ್ನು ಕಂಡವರು ಎಷ್ಟು ಮಂದಿ? ಮುಗದದ ಸುತ್ತಿನ ಮನೆಗಳಲ್ಲಿ ವಿಚಾರಿಸಿದರೆ, ಹತ್ತಾರು ಸಲ ಉಳವಿಗೆ ಹೋಗಿ ಬಂದವರು ಸಿಗುತ್ತಾರೆ. ಒಂದು ಸಲ ಬಸವಕಲ್ಯಾಣಕ್ಕೆ ಹೋದವರು ಅಪರೂಪ. ಕಾರಣ ಕೇಳಿದರೆ ಬರುವ ಉತ್ತರ ಒಂದೇ: ‘ಭಾಳ ದೂರ ಆಗ್ತದರಿ.’

ಎಷ್ಟು ದೂರ?

ಈ ದೂರವನ್ನು ಮಕ್ಕಳೂ ಲೆಕ್ಕ ಹಾಕಬಹುದು. ಹುಬ್ಬಳ್ಳಿಯ ವಿಮಾನ ನಿಲ್ದಾಣವು 15.36 ಡಿಗ್ರಿ ಉತ್ತರ ಅಕ್ಷಾಂಶ, 75.08 ಡಿಗ್ರಿ ಪೂರ್ವ ರೇಖಾಂಶದಲ್ಲಿದೆ. ಬೀದರದ ನಿಲ್ದಾಣವು 17.91 ಡಿಗ್ರಿ ಅಕ್ಷಾಂಶ, 77.49 ಡಿಗ್ರಿ ರೇಖಾಂಶದಲ್ಲಿದೆ. ಉತ್ತರಕ್ಕೆ ಎರಡೂವರೆ ಡಿಗ್ರಿಗೂ ತುಸು ಹೆಚ್ಚು, ಅಂದರೆ ಸುಮಾರು 280 ಕಿಲೋಮೀಟರು. ಪೂರ್ವಕ್ಕೆ 2.4 ಡಿಗ್ರಿ. ನಮ್ಮ ಅಕ್ಷಾಂಶದಲ್ಲಿ ಒಂದು ರೇಖಾಂಶದ ಅಂತರವು ಸುಮಾರು 106 ಕಿಲೋಮೀಟರು ಇರುವುದರಿಂದ ಇದು 255 ಕಿಲೋಮೀಟರು ಆಗುತ್ತದೆ. ಈ ಎರಡು ಭುಜಗಳ ಲಂಬಕೋನ ತ್ರಿಭುಜದ ಕರ್ಣವೇ ಆಕಾಶದ ನೇರ ದೂರ. ಅದು ಸುಮಾರು 380 ಕಿಲೋಮೀಟರು. ಭೂಮಿಯು ಗುಂಡಾಗಿರುವುದರಿಂದ ಸಾವಿರಾರು ಕಿಲೋಮೀಟರುಗಳ ಪಯಣದಲ್ಲಿ ಈ ಲೆಕ್ಕ ಸಾಲದು. ಆದರೆ ಇಷ್ಟು ಸಮೀಪದ ಊರುಗಳಿಗೆ ಇದೇ ಸಾಕು.

ನಕ್ಷೆಯ ಮೇಲೆ ಪಟ್ಟಿಯಿಟ್ಟು ಈ ಎರಡು ಊರುಗಳ ನಡುವೆ ಒಂದು ಗೆರೆ ಎಳೆದು ನೋಡಿರಿ. ಆ ಗೆರೆಯು ಬಾದಾಮಿಯ ಹತ್ತಿರದಿಂದ ಹಾಯ್ದು ಮಲಪ್ರಭೆಯನ್ನು ದಾಟುತ್ತದೆ. ಮುಂದೆ ಆಲಮಟ್ಟಿಗೂ ಕೂಡಲಸಂಗಮಕ್ಕೂ ನಡುವೆ ಕೃಷ್ಣೆಯನ್ನು ದಾಟುತ್ತದೆ. ಬಸವಣ್ಣನವರು ಐಕ್ಯರಾದ ಕೂಡಲಸಂಗಮವು ಗೆರೆಯ ಬಲಕ್ಕೆ ಉಳಿಯುತ್ತದೆ; ಅವರ ಜನ್ಮಸ್ಥಳವೆಂದು ಪ್ರಸಿದ್ಧವಾದ ಬಸವನ ಬಾಗೇವಾಡಿಯು ಎಡಕ್ಕೆ ಉಳಿಯುತ್ತದೆ. ಎರಡೂ ಇಪ್ಪತ್ತು ಕಿಲೋಮೀಟರಿನ ಆಸುಪಾಸಿನಲ್ಲಿಯೇ ಇವೆ. ಮುಂದೆ ಭೀಮಾ ನದಿಯನ್ನು ದಾಟಿ, ಕಲಬುರಗಿಯ ವಿಮಾನ ನಿಲ್ದಾಣದ ಬಳಿಯಲ್ಲೇ ಹಾಯ್ದು ಗೆರೆಯು ಬೀದರವನ್ನು ಸೇರುತ್ತದೆ. ಮುಗದದ ಭತ್ತದ ಗದ್ದೆಯಿಂದ ಹೊರಟು, ಎರೆಮಣ್ಣಿನ ಬಿಳಿಜೋಳದ ಹೊಲ, ಕಲಬುರಗಿಯ ತೊಗರಿಯ ಹೊಲಗಳನ್ನು ದಾಟಿ, ಬೀದರದ ಕೆಂಪು ಜಂಬಿಟ್ಟಿಗೆಯ ನೆಲಕ್ಕೆ ತಲುಪುವ ಗೆರೆಯಿದು. ಬಸವಣ್ಣನವರ ಬದುಕಿನ ಮುಖ್ಯ ಸ್ಥಳಗಳನ್ನು ಬಿದಿಗೆ ಚಂದ್ರನಂತೆ ಇಷ್ಟು ಬಳಿಯಿಂದ ಸುತ್ತುವರಿದ ಇನ್ನೊಂದು ಗೆರೆಯನ್ನು ಎಳೆಯುವುದು ಕಷ್ಟ.

ಗೆರೆಯುಂಟು, ವಿಮಾನದ ದಾರಿಯಿಲ್ಲ

ಹುಬ್ಬಳ್ಳಿಯ ವಿಮಾನ ನಿಲ್ದಾಣವು 1974 ರಲ್ಲಿ ಆರಂಭವಾದುದು. ಬಹುಕಾಲ ಸಣ್ಣ ವಿಮಾನಗಳಿಗಷ್ಟೇ ತಕ್ಕುದಾಗಿದ್ದ ಅದು, ಓಡುದಾರಿ ವಿಸ್ತಾರಗೊಂಡು 2017 ರ ಡಿಸೆಂಬರಿನಲ್ಲಿ ಹೊಸ ಕಟ್ಟಡ ಉದ್ಘಾಟನೆಯಾದ ಮೇಲೆ ದೊಡ್ಡ ವಿಮಾನಗಳನ್ನೂ ಬರಮಾಡಿಕೊಳ್ಳುವಂತಾಯಿತು. ಕಲಬುರಗಿಯಲ್ಲಿ 2019 ರ ನವೆಂಬರ್ 22 ರಂದು ಹೊಸ ನಿಲ್ದಾಣವು ಆರಂಭವಾಯಿತು. ಬೀದರದಲ್ಲಿ ವಾಯುಪಡೆಯ ತರಬೇತಿ ಕೇಂದ್ರವು ಮೊದಲಿನಿಂದಲೂ ಇದ್ದು, ಅಲ್ಲಿಂದ 2020 ರ ಫೆಬ್ರವರಿ 7 ರಂದು ಬೆಂಗಳೂರಿಗೆ ನಾಗರಿಕ ವಿಮಾನಯಾನವು ಪ್ರಾರಂಭವಾಯಿತು. ನಡುವೆ ನಿಂತು, ಮತ್ತೆ ಆರಂಭವಾಗಿ, ಏರಿಳಿತಗಳನ್ನು ಕಂಡ ಸೇವೆಯದು. ಕೇಂದ್ರ ಸರಕಾರವು 2016 ರಲ್ಲಿ ರೂಪಿಸಿದ ಉಡಾನ್ ಯೋಜನೆಯು ಇಂತಹ ಸಣ್ಣ ನಿಲ್ದಾಣಗಳಿಗೆ ಜೀವ ತುಂಬಿತು. ಸುಮಾರು ಒಂದು ಗಂಟೆಯ ಹಾರಾಟಕ್ಕೆ ಕೆಲವು ಆಸನಗಳನ್ನು 2,500 ರೂಪಾಯಿಯ ಮಿತಿಯಲ್ಲಿ ಕೊಡುವುದು, ಕಂಪನಿಗೆ ಆಗುವ ನಷ್ಟವನ್ನು ಮೂರು ವರ್ಷಗಳವರೆಗೆ ಸರಕಾರವು ತುಂಬಿಕೊಡುವುದು ಅದರ ಮೂಲ ತಿರುಳಾಗಿತ್ತು.

ಇಷ್ಟೆಲ್ಲ ಆದರೂ, ಹುಬ್ಬಳ್ಳಿಯಿಂದ ಬೀದರಕ್ಕೆ ಹೋಗಬೇಕಾದವರು ಬೆಂಗಳೂರನ್ನು ಸುತ್ತಿಯೇ ಹೋಗಬೇಕು. ಹುಬ್ಬಳ್ಳಿಯಿಂದ ಬೆಂಗಳೂರಿನ ಕೆಂಪೇಗೌಡ ನಿಲ್ದಾಣಕ್ಕೆ ಆಕಾಶದ ದೂರ ಸುಮಾರು 370 ಕಿಲೋಮೀಟರು. ಅಲ್ಲಿಂದ ಬೀದರಕ್ಕೆ ಸುಮಾರು 520 ಕಿಲೋಮೀಟರು. ಒಟ್ಟು 890. ಈಶಾನ್ಯಕ್ಕೆ 380 ಕಿಲೋಮೀಟರು ಹೋಗಬೇಕಾದವನು ಮೊದಲು ಆಗ್ನೇಯಕ್ಕೆ ಹೆಚ್ಚು ಕಡಿಮೆ ಅಷ್ಟೇ ದೂರ ಹೋಗಿ, ಅಲ್ಲಿಂದ ಇಡೀ ನಾಡಿನ ಉದ್ದವನ್ನು ಉತ್ತರಕ್ಕೆ ಹಾರಬೇಕು. ದೂರವು ಎರಡು ಪಟ್ಟಿಗಿಂತಲೂ ಹೆಚ್ಚಾಯಿತು.

ಗಡಿಯಾರದ ಲೆಕ್ಕ

ಇನ್ನು ಹೊತ್ತಿನ ಲೆಕ್ಕವನ್ನು ನೋಡೋಣ. ಟಿಕೆಟ್ಟಿನ ಮೇಲೆ ಮುದ್ರಿತವಾಗುವ ಹೊತ್ತು ವಿಮಾನವು ಗಾಳಿಯಲ್ಲಿರುವ ಹೊತ್ತಲ್ಲ. ನಿಂತ ಜಾಗದಿಂದ ಕದಲಿ, ಓಡುದಾರಿಯ ತುದಿಗೆ ಸರಿದು, ಮೇಲೇರಿ, ಹಾರಿ, ಇಳಿದು, ಮತ್ತೊಂದು ಊರಿನಲ್ಲಿ ನಿಲ್ಲುವವರೆಗಿನ ಹೊತ್ತು ಅದು. ಜೆಟ್ ವಿಮಾನವು ಗಂಟೆಗೆ 800 ಕಿಲೋಮೀಟರು, ಪಂಖದ ಎ.ಟಿ.ಆರ್. ವಿಮಾನವು 500 ಕಿಲೋಮೀಟರು ಹಾರಬಲ್ಲದೆಂದು ಕೇಳಿ, 380 ಕಿಲೋಮೀಟರಿಗೆ ಅರ್ಧ ಗಂಟೆ ಸಾಕೆಂದು ಎಣಿಸುವುದು ತಪ್ಪು. ಏರುವಾಗ, ಇಳಿಯುವಾಗ ಆ ವೇಗವಿರುವುದಿಲ್ಲ. ಸಣ್ಣ ಹಾದಿಯಲ್ಲಿ ವಿಮಾನವು ಏರಿ ಮುಗಿಸುವಷ್ಟರಲ್ಲಿ ಇಳಿಯುವ ಸಿದ್ಧತೆ ಆರಂಭವಾಗುತ್ತದೆ. ಆದ್ದರಿಂದ ಮುನ್ನೂರು ಕಿಲೋಮೀಟರಾದರೂ ನಾನೂರಾದರೂ ಹೆಚ್ಚು ಕಡಿಮೆ ಒಂದು ಗಂಟೆ ಹಿಡಿಯುತ್ತದೆ.

ಮುಗದದ ಮನೆಯಿಂದ ಹೊರಟವನು ಧಾರವಾಡ ದಾಟಿ ವಿಮಾನ ನಿಲ್ದಾಣ ಸೇರಲು ಒಂದು ಗಂಟೆಗೂ ಮಿಕ್ಕಿ ಬೇಕು. ಹೊರಡುವುದಕ್ಕೆ ಒಂದೂವರೆ ಎರಡು ಗಂಟೆ ಮುಂಚೆ ಅಲ್ಲಿರಬೇಕು. ಬೆಂಗಳೂರಿಗೆ ಒಂದು ಗಂಟೆಯ ಹಾರಾಟ. ಅಲ್ಲಿ ಇನ್ನೊಂದು ವಿಮಾನಕ್ಕಾಗಿ, ವೇಳೆಗಳು ಅನುಕೂಲವಾಗಿ ಹೊಂದಿಕೊಂಡರೂ, ಎರಡು ಮೂರು ಗಂಟೆ ಕಾಯಬೇಕು. ಹೊಂದದಿದ್ದರೆ ರಾತ್ರಿ ಅಲ್ಲಿಯೇ ವಸ್ತಿ. ಬೀದರಕ್ಕೆ ಒಂದು ಗಂಟೆಗೂ ಮೇಲಿನ ಹಾರಾಟ. ಸಾಮಾನು ತೆಗೆದುಕೊಂಡು ಹೊರಬರಲು ಅರ್ಧ ಗಂಟೆ. ಬೀದರದಿಂದ ಬಸವಕಲ್ಯಾಣಕ್ಕೆ ಎಂಬತ್ತು ಕಿಲೋಮೀಟರಿನ ಆಸುಪಾಸು, ಮೋಟಾರಿನಲ್ಲಿ ಒಂದೂವರೆ ಗಂಟೆ. ಎಲ್ಲ ಕೂಡಿಸಿದರೆ ಒಂಬತ್ತು ಹತ್ತು ಗಂಟೆಗಳು. ಇದರಲ್ಲಿ ಆಕಾಶದಲ್ಲಿ ಕಳೆದದ್ದು ಎರಡು ಗಂಟೆ ಮಾತ್ರ.

ರಸ್ತೆಯ ಲೆಕ್ಕವೇನು? ಹುಬ್ಬಳ್ಳಿಯಿಂದ ವಿಜಯಪುರ, ಕಲಬುರಗಿ, ಹುಮನಾಬಾದ ಮಾರ್ಗವಾಗಿ ಬಸವಕಲ್ಯಾಣಕ್ಕೆ 430 ಕಿಲೋಮೀಟರಿಗೆ ತುಸು ಹೆಚ್ಚು ಕಡಿಮೆ. ಊಟ ಉಪಾಹಾರಕ್ಕೆ ನಿಂತು ಸಾಗಿದರೂ ಮುಗದದಿಂದ ಹತ್ತು ಗಂಟೆಗಳ ಹಾದಿ. ಅಂದರೆ ಬೆಳಗಿನ ಆರಕ್ಕೆ ಹೊರಟ ಇಬ್ಬರು, ಒಬ್ಬನು ವಿಮಾನದಲ್ಲಿ, ಇನ್ನೊಬ್ಬನು ಮೋಟಾರಿನಲ್ಲಿ, ಸಂಜೆಗೆ ಹೆಚ್ಚು ಕಡಿಮೆ ಒಟ್ಟಿಗೇ ಕಲ್ಯಾಣದಲ್ಲಿ ಭೇಟಿಯಾಗುತ್ತಾರೆ! ದಿನಕ್ಕೆ 25 ಕಿಲೋಮೀಟರು ನಡೆಯಬಲ್ಲ ಕಾಲ್ನಡಿಗೆಯವನಿಗೆ ಇದೇ ಹಾದಿಯು ಹದಿನೇಳು ಹದಿನೆಂಟು ದಿನಗಳದು ಎಂಬುದನ್ನು ಮರೆಯಬಾರದು. ಶರಣರು ಈ ನೆಲವನ್ನು ಅಳೆದದ್ದು ಹಾಗೆ.

ಹಿಂಡನ್ನಿನ ಪಾಠ

ಹಾಗಾದರೆ ಸಣ್ಣ ಊರುಗಳ ವಿಮಾನ ನಿಲ್ದಾಣಗಳು ನಿಷ್ಪ್ರಯೋಜಕವೆ? ಅಲ್ಲ. 2019 ರ ನವೆಂಬರ್ 6 ರಂದು ಹುಬ್ಬಳ್ಳಿಯಿಂದ ದಿಲ್ಲಿಯ ಪಕ್ಕದ ಗಾಜಿಯಾಬಾದಿನ ಹಿಂಡನ್ ನಿಲ್ದಾಣಕ್ಕೆ ಸ್ಟಾರ್ ಏರ್ ಕಂಪನಿಯು ನೇರ ವಿಮಾನವನ್ನು ಆರಂಭಿಸಿತು. ಹಿಂಡನ್ ಕೂಡ ಬೀದರದಂತೆಯೇ ವಾಯುಪಡೆಯ ನೆಲೆ. ಐವತ್ತು ಆಸನಗಳ ಎಂಬ್ರೇಯರ್ ವಿಮಾನವದು. ಎರಡು ಊರುಗಳ ನಡುವಿನ ಆಕಾಶದ ದೂರ ಸುಮಾರು 1,500 ಕಿಲೋಮೀಟರು. ಹಾರಾಟ ಮೂರು ಗಂಟೆಯೊಳಗಿನದು. ರೈಲಿನಲ್ಲಿ ಹುಬ್ಬಳ್ಳಿಯಿಂದ ದಿಲ್ಲಿಗೆ ಒಂದೂವರೆ ದಿನ ಬೇಕು. ನಿಲ್ದಾಣ ತಲುಪುವ, ಕಾಯುವ, ಹೊರಬರುವ ಹೊತ್ತೆಲ್ಲ ಸೇರಿಸಿದರೂ ಮುಗದದ ವಿದ್ಯಾರ್ಥಿಯೊಬ್ಬನು ಒಂದೇ ಹಗಲಿನಲ್ಲಿ ರಾಜಧಾನಿಯನ್ನು ಕಾಣುವಂತಾಯಿತು.

ಎರಡನ್ನೂ ಅಕ್ಕಪಕ್ಕದಲ್ಲಿಟ್ಟು ನೋಡಿದರೆ ಮರ್ಮವು ತಿಳಿಯುತ್ತದೆ. ವಿಮಾನ ಪ್ರಯಾಣದಲ್ಲಿ ನಾಲ್ಕೈದು ಗಂಟೆಗಳು ದೂರಕ್ಕೆ ಸಂಬಂಧವಿಲ್ಲದೆ ಕಡ್ಡಾಯವಾಗಿ ಖರ್ಚಾಗುವಂಥವು. 1,500 ಕಿಲೋಮೀಟರಿನ ಹಾದಿಯಲ್ಲಿ ಅದು ಲೆಕ್ಕಕ್ಕೆ ಬರುವುದಿಲ್ಲ. 400 ಕಿಲೋಮೀಟರಿನ ಹಾದಿಯಲ್ಲಿ ಅದೇ ಮುಖ್ಯವಾಗುತ್ತದೆ. ಅದರ ಮೇಲೆ ನಡುವೆ ಒಂದು ನಿಲ್ದಾಣ ಬದಲಾಯಿಸಬೇಕಾದರೆ ವಿಮಾನದ ಲಾಭವೆಲ್ಲ ಅಲ್ಲಿಯೇ ಕರಗಿಹೋಗುತ್ತದೆ. ಹೀಗಾಗಿ ಮುಗದದವರಿಗೆ ದಿಲ್ಲಿಯು ಹತ್ತಿರ ಬಂದಿತು, ಕಲ್ಯಾಣವು ಇದ್ದಲ್ಲಿಯೇ ಉಳಿಯಿತು.

ಹಾದಿ ಹೀಗೇಕೆ?

ಇದಕ್ಕೆ ಚರಿತ್ರೆಯ ಕಾರಣವೂ ಇದೆ. 1956 ರಲ್ಲಿ ರಾಜ್ಯವು ಒಂದಾಗುವ ಮುನ್ನ ಧಾರವಾಡ ಸೀಮೆಯು ಮುಂಬಯಿ ಪ್ರಾಂತದಲ್ಲಿತ್ತು. ಬೀದರ, ಕಲಬುರಗಿಗಳು ಹೈದರಾಬಾದಿನ ಆಡಳಿತದಲ್ಲಿದ್ದವು. ಇಲ್ಲಿಯ ಹಾದಿಗಳು ಪುಣೆ, ಮುಂಬಯಿಗಳತ್ತ ಮುಖ ಮಾಡಿದ್ದವು. ಅಲ್ಲಿಯ ಹಾದಿಗಳು ಹೈದರಾಬಾದಿನತ್ತ. ಏಕೀಕರಣದ ನಂತರ ಎರಡೂ ಬೆಂಗಳೂರಿನತ್ತ ತಿರುಗಿದವು. ಆದರೆ ಒಂದರತ್ತ ಇನ್ನೊಂದು ತಿರುಗಿದ್ದು ಬಹಳ ತಡವಾಗಿ. ಕಲಬುರಗಿಯಿಂದ ಹುಮನಾಬಾದ ಮಾರ್ಗವಾಗಿ ಬೀದರಕ್ಕೆ ರೈಲು ಓಡಿದ್ದು 2017 ರ ಅಕ್ಟೋಬರಿನಲ್ಲಿ. ಇಂದಿಗೂ ಹುಬ್ಬಳ್ಳಿಯಿಂದ ಗದಗ, ಬಾಗಲಕೋಟೆ, ವಿಜಯಪುರ ದಾಟಿ ಹೋಗುವ ರೈಲುಮಾರ್ಗವು ಮಹಾರಾಷ್ಟ್ರದ ಹೋಟಗಿಯನ್ನು ಮುಟ್ಟಿ ಕಲಬುರಗಿಯತ್ತ ತಿರುಗುತ್ತದೆ. ಈ ಎರಡು ಸೀಮೆಗಳು 2019 ರಲ್ಲಿ ಕಲ್ಯಾಣ ಕರ್ನಾಟಕ, 2021 ರಲ್ಲಿ ಕಿತ್ತೂರು ಕರ್ನಾಟಕ ಎಂಬ ಹೊಸ ಹೆಸರುಗಳನ್ನು ಪಡೆದವು. ಹೆಸರುಗಳು ಹತ್ತಿರ ಬಂದಷ್ಟು ಹಾದಿಗಳು ಹತ್ತಿರ ಬಂದಿಲ್ಲ.

ವ್ಯಾಪಾರದ ಕಾರಣವೂ ಉಂಟು. ವಿಮಾನವು ಏರುವಾಗಲೇ ಹೆಚ್ಚು ಇಂಧನವನ್ನು ಬಳಸುತ್ತದೆ. ಸಣ್ಣ ಹಾದಿಯಲ್ಲಿ ಆ ಖರ್ಚನ್ನು ಹಂಚಿಕೊಳ್ಳುವ ಕಿಲೋಮೀಟರುಗಳು ಕಡಿಮೆ. ಆಸನಗಳು ನಿತ್ಯವೂ ತುಂಬುವ ಭರವಸೆಯಿಲ್ಲದೆ ಯಾವ ಕಂಪನಿಯೂ ಬಹಳ ದಿನ ಓಡಿಸಲಾರದು. ಆದರೆ ಹುಬ್ಬಳ್ಳಿ, ಕಲಬುರಗಿ, ಬೀದರಗಳು ಒಂದೇ ಗೆರೆಯ ಮೇಲಿವೆಯೆಂಬುದನ್ನು ಮೇಲೆ ನೋಡಿದೆವು. ಒಂದೇ ಸಣ್ಣ ವಿಮಾನವು ಮೂರನ್ನೂ ಪೋಣಿಸಬಹುದು. ಕಲಬುರಗಿಯಲ್ಲಿ ಉಚ್ಚ ನ್ಯಾಯಾಲಯದ ಪೀಠವಿದೆ, ಧಾರವಾಡದಲ್ಲಿಯೂ ಇದೆ, ಎರಡೂ ಕಡೆ ವಿಶ್ವವಿದ್ಯಾಲಯಗಳಿವೆ, ಬೀಗತನಗಳಂತೂ ಸಾಕಷ್ಟಿವೆ. ವಾರಕ್ಕೆ ಎರಡು ದಿನವಾದರೂ ಇಂತಹದೊಂದು ಸೇವೆ ನಡೆದರೆ ಬೆಂಗಳೂರಿನ ಸುತ್ತು ತಪ್ಪುತ್ತದೆ. ಈ ಭಾಗದ ಜನಪ್ರತಿನಿಧಿಗಳು, ವ್ಯಾಪಾರಿ ಸಂಘಗಳು ವಿಚಾರ ಮಾಡತಕ್ಕ ಸಂಗತಿಯಿದು.

ಒಂದು ಮನೆಯ ನಿರ್ಧಾರ

ಮುಗದದ ಒಂದು ಒಕ್ಕಲು ಮನೆತನದಲ್ಲಿ ಈ ಪ್ರಶ್ನೆಯು ಈಚೆಗೆ ನಿಜವಾಗಿಯೇ ಎದ್ದಿತು. ಎಂಬತ್ತರ ಸಮೀಪದ ಹಿರಿಯ ಜೀವ. ಮದುವೆಯಾಗಿ ಬಂದ ವರ್ಷದಿಂದ ಚಕ್ಕಡಿಯಲ್ಲಿ ಉಳವಿಗೆ ಹೋಗುತ್ತ ಬಂದವರು. ಕಣ್ಣು ಮಂಜಾಗುವ ಮೊದಲು ಒಮ್ಮೆ ಕಲ್ಯಾಣವನ್ನು ಕಾಣಬೇಕೆಂಬುದು ಅವರ ಆಸೆ. ಮಗನು ವಿಮಾನದಲ್ಲಿ ಕರೆದೊಯ್ಯುವ ಹುಮ್ಮಸ್ಸಿನಲ್ಲಿದ್ದ. ಹಣಕ್ಕೆ ಹಿಂದೆಗೆಯುವವನಲ್ಲ. ಲೆಕ್ಕ ಕೇಳಲು ನಮ್ಮನ್ನು ಕರೆಸಿದ್ದರು.

“ತಮ್ಮಾ, ವಿಮಾನದಾಗ ಕುಂತ್ರ ಸಂಗಮನಾಥನ ಗುಡಿ ಕಾಣತದೇನು?” ಎಂದು ಆ ತಾಯಿ ಕೇಳಿದರು.

“ಇಲ್ಲರಿ ಆಯಿ, ವಿಮಾನ ಬೆಂಗಳೂರ ಮ್ಯಾಲೆ ಹೋಗ್ತದ. ಸಂಗಮ ಆ ಹಾದಿಗೆ ಬರೂದುಲ್ಲ” ಎಂದೆವು.

“ಹಂಗಾರ ಮುಂಜಾನಿಂದ ಸಂಜಿತನಾ ಹೋದ್ರೂ ನಡುವ ಎಲ್ಲೂ ಕೈ ಮುಗಿಯೂದು ಆಗೂದುಲ್ಲ. ಅಂಥಾ ಹಾದಿ ನನಗ್ಯಾಕೋ ಯಪ್ಪಾ?”

ಆ ಮಾತಿನಲ್ಲಿ ನಮ್ಮ ಎಲ್ಲ ಅಂಕಿಗಳಿಗಿಂತ ಹೆಚ್ಚಿನ ವಿವೇಕವಿತ್ತು. ಮನೆಯವರು ಮೋಟಾರು ಮಾಡಿಕೊಂಡು ಮೊದಲ ದಿನ ನಾಲ್ಕೈದು ಗಂಟೆಯ ಹಾದಿಯಾದ ಕೂಡಲಸಂಗಮಕ್ಕೆ ಹೋಗಿ ಅಲ್ಲಿ ವಸ್ತಿ ಮಾಡಿದರು. ಮರುದಿನ ಬಸವನ ಬಾಗೇವಾಡಿಯಲ್ಲಿ ಇಳಿದು, ಕಲಬುರಗಿಯಲ್ಲಿ ಶರಣಬಸವೇಶ್ವರರ ದರ್ಶನ ಪಡೆದು, ರಾತ್ರಿಗೆ ಕಲ್ಯಾಣ ಸೇರಿದರು. ಎರಡು ದಿನವಾಯಿತು ನಿಜ. ಆದರೆ ವಯಸ್ಸಾದವರಿಗೆ ಒಮ್ಮೆಗೇ ಹತ್ತು ಗಂಟೆ ಕುಳಿತ ದಣಿವು ತಪ್ಪಿತು. ಬಸವಣ್ಣನವರ ಬದುಕಿನ ಮೂರು ಊರುಗಳನ್ನು ಒಂದೇ ಯಾತ್ರೆಯಲ್ಲಿ ಕಂಡಂತಾಯಿತು.

ಹೊರಡುವವರಿಗೆ

ಎಲ್ಲರಿಗೂ ಇದೇ ಸರಿಯೆಂದು ಹೇಳಲಾಗದು. ಬೆಂಗಳೂರಿನಲ್ಲಿ ಮಗನ ಅಥವಾ ಮಗಳ ಮನೆಯಿದ್ದು, ಅಲ್ಲಿ ಒಂದು ದಿನ ಉಳಿದು ಹೋಗುವವರಿಗೆ ವಿಮಾನವು ಅನುಕೂಲವೇ. ಬೆನ್ನುನೋವಿದ್ದವರಿಗೂ ದೀರ್ಘ ರಸ್ತೆ ಪ್ರಯಾಣಕ್ಕಿಂತ ಅದು ಹಿತ. ಆದರೆ ವಿಮಾನಗಳ ವೇಳಾಪಟ್ಟಿಯು ಮಾರ್ಚ್ ಹಾಗೂ ಅಕ್ಟೋಬರ್ ತಿಂಗಳುಗಳ ಕೊನೆಯ ಭಾನುವಾರದಿಂದ ಬದಲಾಗುತ್ತದೆಂಬುದನ್ನು ನೆನಪಿಡಬೇಕು. ಬೀದರದ ವಿಮಾನವು ಆ ದಿನಗಳಲ್ಲಿ ಇದೆಯೆ ಎಂಬುದನ್ನು ಮೊದಲು ಖಚಿತಪಡಿಸಿಕೊಂಡು ಆಮೇಲೆ ಹುಬ್ಬಳ್ಳಿಯ ಟಿಕೆಟ್ಟು ತೆಗೆಯಬೇಕು. ಎರಡು ಟಿಕೆಟ್ಟುಗಳನ್ನು ಬೇರೆ ಬೇರೆಯಾಗಿ ಕೊಂಡರೆ, ಮೊದಲ ವಿಮಾನ ತಡವಾಗಿ ಎರಡನೆಯದು ತಪ್ಪಿದಾಗ ಹಣ ಮರಳುವುದು ಕಷ್ಟ. ಮಳೆಗಾಲದಲ್ಲಿ ಮೋಡ ಕೆಳಗಿಳಿದಾಗ ವಿಮಾನಗಳು ಇಳಿಯಲಾರದೆ ಬೇರೆ ಊರಿಗೆ ತಿರುಗುವುದೂ ಉಂಟು. ರೈಲಿನಲ್ಲಿ ಹೋಗುವವರು ಕಲಬುರಗಿಯಲ್ಲಿ ಬದಲಾಯಿಸಿ ಹುಮನಾಬಾದದಲ್ಲಿ ಇಳಿಯುವುದು ಸುಲಭ. ಅಲ್ಲಿಂದ ಬಸವಕಲ್ಯಾಣವು ಮೂವತ್ತು ಕಿಲೋಮೀಟರಿನೊಳಗಿದೆ. ಬೇಸಿಗೆಯಲ್ಲಿ ಆ ಸೀಮೆಯ ಬಿಸಿಲು ಮುಗದದವರಿಗೆ ತಾಳಲಾರದ್ದು. ಸುಗ್ಗಿ ಮುಗಿದ ಮೇಲೆ, ಉಳವಿ ಜಾತ್ರೆಗೆ ಮುಂಚಿನ ಚಳಿಯ ದಿನಗಳೇ ಯಾತ್ರೆಗೆ ಯೋಗ್ಯ.

ಬಸವಕಲ್ಯಾಣದಲ್ಲಿ ನೂತನ ಅನುಭವ ಮಂಟಪಕ್ಕೆ 2021 ರ ಜನವರಿಯಲ್ಲಿ ಅಡಿಗಲ್ಲು ಬಿದ್ದಿದೆ. ನಾಡಿನ ಎಲ್ಲ ಕಡೆಗಳಿಂದ ಅಲ್ಲಿಗೆ ಬರುವವರ ಸಂಖ್ಯೆ ಹೆಚ್ಚುವುದು ಸಹಜ. ನೇರ ವಿಮಾನ ಬರುವವರೆಗೆ ಕಾಯುವುದಾಗಿ ಹೇಳುತ್ತ ಹಿರಿಯರ ಆಸೆಯನ್ನು ಮುಂದೂಡುವುದು ಬೇಡ. 430 ಕಿಲೋಮೀಟರಿನ ರಸ್ತೆ ಇದೆ, ನಡುವೆ ಕೂಡಲಸಂಗಮದಲ್ಲಿ ದಾಸೋಹವಿದೆ, ಎರಡು ದಿನದ ಬಿಡುವು ಮಾಡಿಕೊಂಡರೆ ಸಾಕು.